ಪಾದ್ರಿ ತುರ್ಪೋನ ಏಕವಚನ

"ಏ ತುರ್ಪೋ, ನಿನ್ನ ಬೂಟಿನ ಹಿಮ್ಮಡಿ ಸವೆದುಹೋಗಿದೆ ನೋಡೋ!" ಎಂದು ಮೋಚಿ ಗಿಮಾರ್ ಬೀದಿಯ ಆ ಬದಿಯಿಂದ ಕೂಗಿದಾಗ ಪಾದ್ರಿ ಆಂಸೆಲ್ಮ್ ತುರ್ಪೋ ಮುಗುಳ್ನಕ್ಕ. ನಗುವುದು ಅವನ ಕರ್ತವ್ಯವಾಗಿತ್ತು. ಹದಿನೈದು ದಿನಗಳಿಂದ ಅವನು ಈ ನಗೆಯನ್ನು ಅಭ್ಯಾಸ ಮಾಡಿಕೊಂಡಿದ್ದ. ಎರಡೂ ಕೆನ್ನೆ ಸಮನಾಗಿ ಮೇಲೇರಬೇಕು, ಕಣ್ಣು ತುಸು ಕಿರಿದಾಗಬೇಕು, ಹಲ್ಲು ಕಾಣಬಾರದು. ಹಲ್ಲು ಕಂಡರೆ ಕಚ್ಚುವ ಹಾಗೆ ಇರುತ್ತದೆಂದು ಕನ್ನಡಿ ಹೇಳಿತ್ತು. ಹದಿನೈದು ದಿನಗಳ ಹಿಂದೆ ಇದೇ ಗಿಮಾರ್, "ಸ್ವಾಮಿ, ತಮ್ಮ ಬೂಟು ಒಂದ್ಸಲ ಈ ಬಡವನ ಕೈಗೆ ಸಿಗಬಹುದಾ" ಎಂದು ಟೋಪಿ ತೆಗೆದು ಕೇಳುತ್ತಿದ್ದ. ಈಗ ಟೋಪಿ ತಲೆಯ ಮೇಲೆಯೇ ಇತ್ತು. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಹಿಮ್ಮಡಿ ನಿಜಕ್ಕೂ ಸವೆದಿತ್ತು. ಆದರೆ ಆ 'ನೋಡೋ' ಎಂಬುದರಲ್ಲಿ ಒಂದು ರುಚಿ ಇತ್ತು. ನಲವತ್ತು ವರ್ಷ ಬೀಗ ಹಾಕಿಟ್ಟಿದ್ದ ಡಬ್ಬಿಯಿಂದ ತೆಗೆದ ಬೆಲ್ಲವನ್ನು ಚೀಪುವಂತೆ ಮೋಚಿ ಅದನ್ನು ಚೀಪಿದ್ದ. ಚೀಪಲಿ, ಎಂದುಕೊಂಡ ತುರ್ಪೋ. ಆ ಡಬ್ಬಿಯ ಬೀಗ ತೆಗೆದವನು ನಾನೇ ಅಲ್ಲವೇ?

ಅವನೇ. ಅದರಲ್ಲಿ ಅನುಮಾನವಿರಲಿಲ್ಲ. 'ಒಬ್ಬ ಮನುಷ್ಯ ಒಬ್ಬನೇ' ಎಂಬ ಅರವತ್ತು ಪುಟದ ಹೊತ್ತಗೆಯನ್ನು ಅವನು ನಾಲ್ಕು ವರ್ಷದ ಹಿಂದೆಯೇ ಬರೆದಿದ್ದ. ಒಬ್ಬನನ್ನು 'ನೀನು' ಎನ್ನಬೇಕು, ಇಬ್ಬರನ್ನು 'ನೀವು' ಎನ್ನಬೇಕು. ಒಬ್ಬನೇ ಇರುವಾಗ 'ನೀವು' ಎನ್ನುವುದು ವ್ಯಾಕರಣಕ್ಕೂ ನೀತಿಗೂ ದ್ರೋಹ, ದೊರೆಗಳ ಕಾಲದ ಸುಳ್ಳು, ಒಂದು ತಲೆಯ ಮೇಲೆ ಎರಡು ಟೋಪಿ. ಪ್ಯಾರಿಸ್ಸಿನ ಮಹಾಸಭೆಗೆ ಈ ಸೀಮೆಯ ಪಾದ್ರಿಗಳ ಪ್ರತಿನಿಧಿಯಾಗಿ ಹೋದಾಗ ಅದನ್ನು ಓದಲು ಎದ್ದು ನಿಂತಿದ್ದ. ನಾಲ್ಕು ನಿಮಿಷ ಓದಿದ. ಊಟದ ಹೊತ್ತಾಗಿತ್ತು, ಸಭಿಕರು ಏಳುತ್ತಿದ್ದರು. ಬಾಗಿಲ ಬಳಿ ನಿಂತಿದ್ದ ಒಬ್ಬ ದಪ್ಪ ಜಹಗೀರುದಾರ ಇವನ ಕಡೆ ನೋಡಿ, ಸೇವಕನೆಂದುಕೊಂಡು, "ಏಯ್, ಗಾಳಿ ಬರ್ತಿದೆ, ಆ ಬಾಗಿಲು ಹಾಕ್ಕೊಂಡು ಬಾ" ಎಂದ. ಏಕವಚನವೇ. ತುರ್ಪೋ ಕೈಯಲ್ಲಿ ಕಾಗದ ಹಿಡಿದುಕೊಂಡೇ ಹೋಗಿ ಬಾಗಿಲು ಹಾಕಿದ್ದ. ಸದ್ದಾಗದಂತೆ, ಜಾಗ್ರತೆಯಿಂದ ಹಾಕಿದ್ದ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಈಗಲೂ ಬೀದಿಯಲ್ಲಿ ನಡೆಯುವಾಗ ಒಮ್ಮೊಮ್ಮೆ ಆ ಬಾಗಿಲಿನ ಹಿಡಿಯ ತಣ್ಣನೆಯ ಹಿತ್ತಾಳೆ ಅಂಗೈಗೆ ತಾಕುತ್ತಿತ್ತು, ಆಗ ಅವನು ಕೈಯನ್ನು ನಿಲುವಂಗಿಗೆ ಒರೆಸಿಕೊಳ್ಳುತ್ತಿದ್ದ. ಆಮೇಲೆ ರಾಜ ಹೋದ, ಜಹಗೀರುದಾರ ಓಡಿಹೋದ, ಸೇಂತ್-ಬ್ರೆಸೊಲ್ ಎಂಬ ಈ ಊರು ತನ್ನ ಸಂತನನ್ನು ಕಳೆದುಕೊಂಡು ಬರೀ ಬ್ರೆಸೊಲ್ ಆಯಿತು, ಪ್ಯಾರಿಸ್ಸಿನಿಂದ ಎಲ್ಲರೂ ಎಲ್ಲರನ್ನೂ 'ನೀನು' ಎನ್ನಬೇಕೆಂಬ ಗಾಳಿ ಬೀಸಿತು. ಊರಿನ ಕ್ರಾಂತಿ ಕೂಟದಲ್ಲಿ ಗಿಮಾರ್ ಮೇಜು ಹತ್ತಿ, ತುರ್ಪೋನ ಮರೆತುಹೋಗಿದ್ದ ಹೊತ್ತಗೆಯನ್ನು ಮೊದಲಿನಿಂದ ಕೊನೆಯವರೆಗೆ ತಪ್ಪು ತಪ್ಪಾಗಿ ಓದಿದ. ಚಪ್ಪಾಳೆ ಬಿತ್ತು. ಲೇಖಕನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಮನೆಯ ಮುಂದೆ ಇಳಿಸಿ, "ಹೋಗಿ ಮಲಗೋ ಮಾರಾಯ" ಎಂದರು. ಅವನ ಬದುಕಿನ ಅತ್ಯಂತ ಸಂತೋಷದ ದಿನ ಅದಾಗಬೇಕಿತ್ತು. ನಾವೂ ಇಲ್ಲಿ ಪಾದ್ರಿಗಳನ್ನು 'ಅವನು' ಎಂದೇ ಬರೆಯುತ್ತಿದ್ದೇವೆ. ಅವನ ಇಚ್ಛೆಯೇ ಹಾಗಿತ್ತು.

ಊರಿನಲ್ಲಿ ಇನ್ನೂ 'ನೀವು' ಎನ್ನುವವಳು ಒಬ್ಬಳೇ ಉಳಿದಿದ್ದಳು. ಅವಳು ಅವನ ಅಡುಗೆಮನೆಯಲ್ಲೇ ಇದ್ದಳು. ಇಪ್ಪತ್ತೆರಡು ವರ್ಷದಿಂದ ಅವನ ಮನೆ ನಡೆಸುತ್ತಿದ್ದ ಮತುರೀನ್, ಮದುವೆಯಾಗದವಳು, ಐವತ್ತು ದಾಟಿದವಳು. ಪುಸ್ತಕದ ಸುದ್ದಿ ಕೇಳಿ ಅವಳು, "ಬರ್ದಿದ್ದು ನೀವು, ಕಷ್ಟ ನನಗಾ?" ಎಂದಿದ್ದಳು. ಮೊದಮೊದಲು ತುರ್ಪೋ ನಕ್ಕುಬಿಟ್ಟಿದ್ದ. ಮೂರು ದಿನದ ಹಿಂದೆ ಜಿಲ್ಲೆಯ ಸಮಿತಿಯಿಂದ ಕಾಗದ ಬಂತು. ಯಾರೋ ದೂರು ಬರೆದಿದ್ದರು, ಹೆಸರಿರಲಿಲ್ಲ: ಸಮಾನತೆಯ ಹೊತ್ತಗೆ ಬರೆದವನ ಅಡುಗೆಮನೆಯಲ್ಲಿ ಇನ್ನೂ ರಾಜಪ್ರಭುತ್ವ ನಡೆಯುತ್ತಿದೆ, ಅಲ್ಲಿನ ಹೆಂಗಸು ಪಾದ್ರಿಯನ್ನು ಬಹುವಚನದಲ್ಲಿ ಪೂಜಿಸುತ್ತಾಳೆ. ಕ್ರಾಂತಿಯ ಹೊಸ ಪಂಚಾಂಗದ ಹಿಮದ ತಿಂಗಳ ಐದನೆಯ ದಿನ, ಅಂದರೆ ಇವತ್ತು, ಕಮಿಷನರ್ ಕೊಕೆರೆಲ್ ಊಟದ ಹೊತ್ತಿಗೆ ಬಂದು ತನ್ನ ಕಿವಿಯಿಂದಲೇ ಕೇಳಿ, ಆಮೇಲೆ ತುರ್ಪೋನ ನಿಷ್ಠಾಪತ್ರಕ್ಕೆ ಸಹಿ ಹಾಕುವುದೋ ಬಿಡುವುದೋ ತೀರ್ಮಾನಿಸುತ್ತಾನೆ. ನಿಷ್ಠಾಪತ್ರ ಇಲ್ಲದವನು ಸಂಶಯದ ಮನುಷ್ಯ. ಸಂಶಯದ ಮನುಷ್ಯರನ್ನು ಜಿಲ್ಲೆಯ ಹಳೆಯ ಸನ್ಯಾಸಿನಿಯರ ಮಠದಲ್ಲಿ ಕೂಡಿಹಾಕುತ್ತಿದ್ದರು. ಪಕ್ಕದ ಊರಿನ ಪಾದ್ರಿ ಆಗಲೇ ಅಲ್ಲಿದ್ದ, ಅವನಿಗೆ ಕೆಮ್ಮು ಹತ್ತಿದೆಯೆಂದು ಸುದ್ದಿ. ಅಲ್ಲಿಂದ ಕೆಲವರನ್ನು ಗಾಡಿಯಲ್ಲಿ ಪ್ಯಾರಿಸ್ಸಿಗೂ ಕಳಿಸಿದ್ದರು, ಅವರಿಂದ ಸುದ್ದಿಯೇ ಬಂದಿರಲಿಲ್ಲ. ತಪ್ಪಿಸಿಕೊಳ್ಳಲು ಒಂದು 'ನೀನು' ಸಾಕಿತ್ತು. ಒಂದು ಅಕ್ಷರ ಸಾಕಿತ್ತು.

ಕಾಗದ ಬಂದ ಸಂಜೆಯೇ ಅವನು ಅಡುಗೆಮನೆಯಲ್ಲಿ ಪಾಠ ಶುರುಮಾಡಿದ. "ಮತುರೀನ್, ನನ್ನ ಮುಖ ನೋಡಿ ಹೇಳು. ನೀನು."

"ನೀವು."

"ನೀ-ನು."

"ಅಯ್ಯೋ, ಬರಲ್ಲ ಅಂದ್ರೆ ಬರಲ್ಲ ಕಣ್ರೀ! ನೀನು ಅನ್ನೋದು ಆಡಿಗೆ." ಹಿತ್ತಲಿನ ಆಡಿಗೆ ದೊರೆಸಾನಿ ಎಂದು ಹೆಸರಿತ್ತು; ಕೂಟದವರ ಒತ್ತಾಯಕ್ಕೆ ಅದನ್ನು ನಾಗರಿಕೆ ಎಂದು ಬದಲಾಯಿಸಿದ್ದರು, ಆ ಹೆಸರಿಗೆ ಅದು ತಿರುಗಿಯೂ ನೋಡುತ್ತಿರಲಿಲ್ಲ.

"ಆಡಿಗೆ ಬರುತ್ತಲ್ಲ? ಹಾಗೇ ನನಗೂ ಅನ್ನು. ನಾನು ಆಡು ಅಂತ ತಿಳ್ಕೊ."

ಮತುರೀನ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಆಡು ಕರೆದ ತಕ್ಷಣ ಬರತ್ತೆ. ನೀವು ಸೂಪು ಆರಿದ ಮೇಲೆ ಬರ್ತೀರಿ" ಎಂದಳು. ಒಲೆಗೆ ಸೌದೆ ತುರುಕಿ, "ಹಾಗಿದ್ರೆ ದೇವರಿಗೂ ಹಂಗೇ ಅನ್ಬೇಕಾ? ಪ್ರಾರ್ಥನೇಲಿ ನಾವು ಅವರಿಗೆ 'ನೀವು' ಅಂತೀವಿ" ಎಂದಳು.

"ಲ್ಯಾಟಿನ್ನಿನಲ್ಲಿ ದೇವರಿಗೆ ಯಾವತ್ತೂ ಏಕವಚನವೇ" ಎಂದು ತುರ್ಪೋ ಗೆದ್ದವನ ಹಾಗೆ ಹೇಳಿದ.

"ಅದು ನೀವೂ ಅವರೂ ಮಾತಾಡ್ಕೊಳ್ಳೋ ಭಾಷೆ. ಒಳಗೊಳಗೆ ಏನು ಅಂದ್ಕೊಂಡ್ರೂ ನನಗೇನು ಗೊತ್ತಾಗತ್ತೆ?"

ಆದರೆ ಅವಳಿಗೂ ಮಠದ ಭಯವಿತ್ತು. ಮಾರನೆಯ ಬೆಳಿಗ್ಗೆಯಿಂದ ಅವಳು ಬೇರೊಂದು ದಾರಿ ಹಿಡಿದಳು. ಮಾತಿನಿಂದ ಮನುಷ್ಯನನ್ನೇ ತೆಗೆದುಹಾಕಿದಳು. "ಊಟ ಆಯ್ತಾ?" "ಕಾಲು ಒದ್ದೆಯಾಗಿದೆ, ಒರೆಸಬೇಕು." "ಕನ್ನಡಕ ಕಾಣ್ತಿಲ್ವಂತೆ, ಹಣೆ ಮೇಲಿದೆಯಂತೆ." ಯಾರ ಊಟ, ಯಾರ ಕಾಲು, ಯಾರ ಹಣೆ ಎಂಬುದು ಗಾಳಿಯಲ್ಲಿ ತೇಲುತ್ತಿತ್ತು. ಮೂರು ದಿನ ಆ ಮನೆಯಲ್ಲಿ ಕರ್ತೃವಿಲ್ಲದೆ ಕೆಲಸಗಳು ತಾವಾಗಿಯೇ ನಡೆದವು. ತುರ್ಪೋಗೆ ತಾನು ಸತ್ತುಹೋಗಿ ತನ್ನದೇ ಮನೆಯಲ್ಲಿ ಅಲೆಯುತ್ತಿದ್ದೇನೇನೋ ಎನಿಸಿತು. ಆಗ, ಎರಡನೆಯ ದಿನ ಮಧ್ಯಾಹ್ನ, ಬಿಸಿ ಪಾತ್ರೆ ಕೈ ಸುಟ್ಟ ಗಡಿಬಿಡಿಯಲ್ಲಿ ಅವಳು, "ನೀವು ಆಚೆ ಸರೀರಿ!" ಎಂದು ಕಿರುಚಿಬಿಟ್ಟಳು. ಅವನ ಬೆನ್ನು ನೆಟ್ಟಗಾಯಿತು. ಮೈಯಲ್ಲಿ ಬೆಚ್ಚಗೆ ಏನೋ ಹರಿಯಿತು. ಅದು ಏನೆಂದು ಗೊತ್ತಾಗಲು ಅವನಿಗೆ ಒಂದು ಕ್ಷಣ ಹಿಡಿಯಿತು, ಗೊತ್ತಾದಾಗ ನಾಚಿಕೆಯಿಂದ ಕಿವಿ ಕೆಂಪಗಾಯಿತು. ಅವನಿಗೆ ಆ 'ನೀವು' ಬೇಕಿತ್ತು. ಬೀದಿಯಲ್ಲಿ ದಿನವಿಡೀ ನಗುತ್ತಾ ನಡೆದು, ಮನೆಗೆ ಬಂದು, ಅದನ್ನು ಹೊದ್ದುಕೊಂಡು ಕೂರುವುದು ಬೇಕಿತ್ತು. ಪಾಠ ಹೇಳುವಾಗ ಅವಳು ಕಲಿಯದಿರಲಿ ಎಂದು ಒಳಗೆ ಯಾರೋ ಪ್ರಾರ್ಥಿಸುತ್ತಿದ್ದರು, ಬಹುಶಃ ಲ್ಯಾಟಿನ್ನಿನಲ್ಲಿ.

ಈಗ ಮೋಚಿಯ ಅಂಗಡಿ ದಾಟಿ ಮನೆಯ ಕಡೆ ತಿರುಗಿದಾಗ ಅವನಿಗೆ ತಾಯಿಯ ನೆನಪಾಯಿತು. ನೆನಪಾಗದಿರಲಿ ಎಂದು ಅವನು ಬಾವಿಯ ಕಡೆಯ ದಾರಿ ಹಿಡಿದಿದ್ದ, ಆದರೂ ಆಯಿತು. ಹತ್ತಿಪ್ಪತ್ತು ಮನೆಗಳಿಗೆ ನಾರು ನೂಲಿ ಕೊಟ್ಟು ಅವನನ್ನು ಓದಿಸಿದ ತಾಯಿ. ಪಾದ್ರಿ ದೀಕ್ಷೆಯ ಹಿಂದಿನ ಸಂಜೆ ಅವನು ಹೆದರಿ ಮುದ್ದೆಯಾಗಿ ಕೂತಿದ್ದಾಗ, ಎಲೆಕೋಸಿನ ಸೂಪಿನ ಬಟ್ಟಲನ್ನು ಅವನ ಕಡೆ ತಳ್ಳಿ, "ಆರಿಹೋಗತ್ತೆ, ಉಣ್ಣು" ಎಂದಿದ್ದಳು. ಮಾರನೆಯ ದಿನ ದೀಕ್ಷೆಯಾಯಿತು, ಮಧ್ಯಾಹ್ನ ಅದೇ ಮೇಜು, ಅದೇ ಬಟ್ಟಲು. ತಾಯಿ ಕೂರದೆ ನಿಂತೇ ಇದ್ದಳು. ಕೈ ಒರೆಸಿಕೊಂಡು, ನೆಲ ನೋಡುತ್ತಾ, "ಉಣ್ಣಿ" ಎಂದಳು. ತಮಾಷೆ ಮಾಡುತ್ತಿದ್ದಾಳೆಂದುಕೊಂಡು ಅವನು ತಲೆಯೆತ್ತಿದ. ತಮಾಷೆಯಾಗಿರಲಿಲ್ಲ. 'ಅಮ್ಮಾ, ಇದೇನು' ಎನ್ನುವುದಕ್ಕೆ ಬಾಯಿ ತೆರೆದ. ತೆರೆದ ಬಾಯಿಗೆ ಸೂಪು ಹಾಕಿಕೊಂಡ. ಆಮೇಲೆ ಹನ್ನೊಂದು ವರ್ಷ ಬದುಕಿದ್ದಳು, ಒಮ್ಮೆಯೂ ನೀನು ಎನ್ನಲಿಲ್ಲ. ಸಾಯುವಾಗಲೂ, "ನಿಮಗೆ ತೊಂದರೆ ಕೊಟ್ಟೆ" ಎಂದಳು. ಅವನ ಹೊತ್ತಗೆಯ ಅರವತ್ತು ಪುಟಗಳಲ್ಲಿ ರೋಮನ್ನರಿದ್ದರು, ಗ್ರೀಕರಿದ್ದರು, ಆ ಬಟ್ಟಲು ಎಲ್ಲಿಯೂ ಇರಲಿಲ್ಲ.

ಮನೆಯೊಳಗೆ ಎಲೆಕೋಸು ಮತ್ತು ಹಂದಿಯ ಕೊಬ್ಬು ಬೇಯುವ ವಾಸನೆ. ಮತುರೀನ್ ಬಿಳಿಯ ಹಬ್ಬದ ಟೋಪಿ ಹಾಕಿಕೊಂಡಿದ್ದಳು. "ಇವತ್ತು ಸಂತ ಕ್ಯಾಥರೀನಳ ದಿನ" ಎಂದಳು. ಮದುವೆಯಾಗದ ಹೆಂಗಸರ ದಿನ ಅದು, ವರ್ಷಕ್ಕೊಮ್ಮೆ ಆ ಟೋಪಿ ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತು.

"ಹಾಗೆ ಅನ್ನಬೇಡ! ಹೊಸ ಪಂಚಾಂಗದಲ್ಲಿ ಇವತ್ತು..." ತುರ್ಪೋ ಗೋಡೆಯ ಮೇಲಿನ ಕಾಗದ ನೋಡಿದ. ಪ್ರತಿ ದಿನದ ಸಂತನನ್ನು ತೆಗೆದು ಅಲ್ಲೊಂದು ತರಕಾರಿಯನ್ನೋ ಪ್ರಾಣಿಯನ್ನೋ ಇಟ್ಟಿದ್ದರು. "ಇವತ್ತು ಹಂದಿಯ ದಿನ."

"ಹಂದಿಯನ್ನೇ ಬೇಯಿಸಿದ್ದೀನಿ" ಎಂದಳು. ಅಷ್ಟರಲ್ಲಿ ಬಾಗಿಲು ಬಡಿಯಿತು.

ಕಮಿಷನರ್ ಕೊಕೆರೆಲ್ ಕ್ರಾಂತಿಗೆ ಮೊದಲು ಕೃತಕ ಕೂದಲಿನ ಟೋಪನ್ ಮಾಡುತ್ತಿದ್ದವನು. ಟೋಪನ್ ಹಾಕುತ್ತಿದ್ದ ತಲೆಗಳು ಹೋದ ಮೇಲೆ ಕಸುಬು ಹೋಗಿತ್ತು, ಕಣ್ಣು ಮಾತ್ರ ಹಳೆಯ ಚಾಳಿ ಬಿಟ್ಟಿರಲಿಲ್ಲ. ಯಾರನ್ನು ಕಂಡರೂ ಮುಖ ನೋಡುವ ಮೊದಲು ತಲೆಯ ಸುತ್ತಳತೆ ನೋಡುತ್ತಿದ್ದ. ತುರ್ಪೋನ ಬೋಳು ನೆತ್ತಿಯನ್ನು ಕರುಣೆಯಿಂದ ನೋಡಿ, "ಕೂತ್ಕೋ ನಾಗರಿಕ, ನಿನ್ನ ಮನೆಯೇ ಅಲ್ವಾ" ಎಂದು ತಾನೇ ಮೊದಲು ಕೂತ. ಅಧಿಕಾರದ ಗುರುತಾಗಿ ಹೆಗಲಿಗೆ ಹಾಕಿದ್ದ ಮೂರು ಬಣ್ಣದ ಪಟ್ಟಿಯನ್ನು ಸರಿಮಾಡಿಕೊಂಡ. ಗರಿ ಸಿಕ್ಕಿಸಿದ ಹ್ಯಾಟನ್ನು ಮೇಜಿನ ಮೇಲಿಟ್ಟ.

"ಏಯ್ ನಾಗರಿಕ, ನಿನ್ನ ಹ್ಯಾಟು ತೆಗಿ ಅಲ್ಲಿಂದ! ಗರಿ ಸೂಪಿಗೆ ಬೀಳತ್ತೆ" ಎಂದಳು ಮತುರೀನ್.

ತುರ್ಪೋ ಅವಳ ಕಡೆ ತಿರುಗಿದ. ಎಷ್ಟು ಸಲೀಸಾಗಿ ಬಂದಿತ್ತು! ಆಡಿಗೆ ಅನ್ನುವುದಕ್ಕಿಂತ ಸಲೀಸಾಗಿ. ಕೊಕೆರೆಲ್ ಮುಖ ಒಂದು ಗಳಿಗೆ ಕಂದಿ, ಆಮೇಲೆ ಕಷ್ಟಪಟ್ಟು ಅರಳಿತು. ಎರಡು ಕೆನ್ನೆ ಸಮನಾಗಿ ಏರಿದವು, ಹಲ್ಲು ಕಾಣಲಿಲ್ಲ. ಓಹೋ, ಇವನೂ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಾನೆ ಎಂದು ತುರ್ಪೋಗೆ ತಟ್ಟನೆ ಹೊಳೆದು, ಆ ಮನುಷ್ಯನ ಮೇಲೆ ಅಕ್ಕರೆ ಬಂತು. ಹ್ಯಾಟು ತೊಡೆಯ ಮೇಲೆ ಹೋಯಿತು. ಸೂಪು ಬಂತು, ಬ್ರೆಡ್ ಬಂತು, ಸೇಬಿನ ಹುಳಿಮದ್ಯ ಬಂತು. ಕೊಕೆರೆಲ್ ಚೆನ್ನಾಗಿ ಉಂಡ. ಉಣ್ಣುತ್ತಲೇ ಕಿವಿಯನ್ನು ಅಡುಗೆಯವಳ ಕಡೆ ತಿರುಗಿಸಿಟ್ಟಿದ್ದ. ಅವಳು ಅವನಿಗೆ ಹತ್ತು ಸಲ 'ನೀನು' ಅಂದಳು. "ನೀನು ಇನ್ನೂ ಸ್ವಲ್ಪ ಹಾಕಿಸ್ಕೋ, ಕುದುರೆ ಮೇಲೆ ಬಂದಿದ್ದೀಯ." "ನಿನಗೆ ಕೊಬ್ಬು ಇಷ್ಟಾನಾ?" ತುರ್ಪೋ ಕಡೆ ತಿರುಗಿದಾಗ ಮಾತ್ರ, "ಉಪ್ಪು ಸಾಕಾ?" ಎಂದಳು. ತುರ್ಪೋನ ಚಮಚ ಬಟ್ಟಲಿಗೂ ಬಾಯಿಗೂ ನಡುವೆ ಸುಮ್ಮನೆ ಓಡಾಡುತ್ತಿತ್ತು, ಅದರಲ್ಲಿ ಏನೂ ಇರಲಿಲ್ಲ.

ಕೊಕೆರೆಲ್ ಬಾಯಿ ಒರೆಸಿಕೊಂಡ. "ನಾಗರಿಕೆ, ನಿನ್ನ ಪಾದ್ರಿಗೆ ಇನ್ನೊಂದು ಸೌಟು ಬೇಕಾ ಕೇಳು."

"ಇನ್ನೊಂದು ಸೌಟು ಬೇಕಾ?"

"ಯಾರಿಗೆ?"

"ಯಾರ ಬಟ್ಟಲು ಖಾಲಿಯಾಗಿದೆಯೋ ಅವರಿಗೆ."

"ಅವನ ಬಟ್ಟಲು ತುಂಬಿದೆಯಲ್ಲ."

"ಹಂಗಿದ್ರೆ ಯಾಕೆ ಕೇಳಿಸ್ತೀಯ?"

ಕೊಕೆರೆಲ್ ಮುಂದಕ್ಕೆ ಬಾಗಿದ. ಧ್ವನಿ ಮೆತ್ತಗಾಯಿತು, ಬಹುಶಃ ಗಿರಾಕಿಯ ಕುತ್ತಿಗೆಯ ಹತ್ತಿರ ಕತ್ತರಿ ತರುವಾಗ ಅವನು ಹೀಗೇ ಮಾತಾಡುತ್ತಿದ್ದ. "ಚೆಂದ ತಪ್ಪಿಸ್ಕೊಳ್ತೀಯ ಕಣೆ. ಈಗ ಹೀಗೆ ಹೇಳು: 'ನಿನಗೆ ಇನ್ನೊಂದು ಸೌಟು ಬೇಕಾ?' ಅಷ್ಟೇ. ಕಾಗದ ನನ್ನ ಜೇಬಲ್ಲಿದೆ, ಸಹಿ ಹಾಕಿ ಹೊರಟುಹೋಗ್ತೀನಿ."

ತುರ್ಪೋ ಅವಳ ಮುಖ ನೋಡಿದ. ಹೇಳು, ಎಂದು ಕಣ್ಣಿನಲ್ಲೇ ಬೇಡಿಕೊಂಡ. ಮಠದ ಒದ್ದೆ ಗೋಡೆಯನ್ನು ನೆನೆದು ಬೇಡಿಕೊಂಡ. ಆದರೂ ಅದೇ ಕಣ್ಣಿನ ಹಿಂದೆ ಇನ್ನೊಬ್ಬ ಕೂತು, ಬೇಡ, ಬೇಡ, ಅದೊಂದನ್ನು ಬಿಟ್ಟುಕೊಡಬೇಡ ಎಂದು ತಲೆಯಾಡಿಸುತ್ತಿದ್ದ. ತಾನೆಂಥ ಮೂರ್ಖ! ಕುತ್ತಿಗೆಗೆ ಬಂದಿರುವಾಗಲೂ ಮರ್ಯಾದೆಯ ಚಪಲ. ಮತುರೀನ್ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೌಟನ್ನು ಕೆಳಗಿಟ್ಟಳು.

"ನಿಮಗೆ" ಎಂದಳು, ಸ್ಪಷ್ಟವಾಗಿ, "ನಿಮಗೆ ಇನ್ನೊಂದು ಸೌಟು ಬೇಕಾ?"

ಕೊಕೆರೆಲ್ ಹಿಂದಕ್ಕೆ ಒರಗಿದ. ಕುರ್ಚಿ ಕಿರುಗುಟ್ಟಿತು. "ಸರಿ. ಮುಗೀತು" ಎಂದ.

"ಏನು ಮುಗೀತು? ನಿನ್ನ ಜೇಬಲ್ಲಿ ಕಾಗದ ಇದ್ರೆ ಇವರ ಪುಸ್ತಕ ನನ್ನ ತಲೇಲಿದೆ. ಆ ಮೋಚಿ ಮೇಜು ಹತ್ತಿ ಕಿರುಚಿದ್ದು ಬಾವಿ ತನಕ ಕೇಳಿಸ್ತು. ಒಬ್ಬನಿಗೆ 'ನೀನು', ಇಬ್ಬರಿಗೆ 'ನೀವು'. ಹೌದೋ ಅಲ್ವೋ?"

"ಹೌದು."

"ನೀನು ಒಬ್ಬ. ಎಷ್ಟು ಸಲ ಎಣಿಸಿದ್ರೂ ಒಬ್ಬನೇ. ಅದಕ್ಕೇ ನಿನಗೆ 'ನೀನು' ಅಂದೆ. ಆ ಕುರ್ಚಿ ಮೇಲೆ ಇಬ್ಬರಿದ್ದಾರೆ." ಅವಳು ತುರ್ಪೋ ಕಡೆ ಬೆರಳು ತೋರಿಸಿದಳು. "ಒಬ್ಬ ಮಾಳಿಗೆ ಮೇಲೆ ಕೂತು ಎಲ್ಲರೂ ಸಮ ಸಮ ಅಂತ ಬರೀತಾನೆ. ಇನ್ನೊಬ್ಬ ಕೆಳಗಿಳಿದು ಬಂದು ಕಾಲು ಚಾಚ್ತಾನೆ, ಮತುರೀನ್ ಬಂದು ಬೂಟು ಎಳೀಲಿ ಅಂತ. ಒಬ್ಬ ನನಗೆ 'ನೀನು' ಅನ್ನು ಅಂತ ಪಾಠ ಹೇಳ್ತಾನೆ, ಇನ್ನೊಬ್ಬ, ಅಂದ್ಬಿಟ್ಟಾಳೇನೋ ಅಂತ ನಡುಗ್ತಾನೆ. ಈಗ ನೋಡಿದೆ, ಇಬ್ಬರೂ ಒಟ್ಟಿಗೇ ನನ್ನ ಕಡೆ ನೋಡ್ತಿದ್ರು. ಇಪ್ಪತ್ತೆರಡು ವರ್ಷದಿಂದ ಇಬ್ಬರಿಗೂ ಅಡುಗೆ ಮಾಡಿ ಹಾಕ್ತಿದ್ದೀನಿ. ಇಬ್ಬರಿಗೆ ಏನನ್ಬೇಕು, ನೀನೇ ಹೇಳು. ವ್ಯಾಕರಣ ನಂದಲ್ಲ, ಅವರದ್ದೇ."

ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಕೊಕೆರೆಲ್ ತುರ್ಪೋನನ್ನು ನೋಡಿದ, ಈ ಸಲ ತಲೆಯನ್ನಲ್ಲ, ಮುಖವನ್ನು. ಆಮೇಲೆ ನಕ್ಕ. ಕನ್ನಡಿಯ ನಗೆಯಲ್ಲ, ಹಲ್ಲೆಲ್ಲ ಕಾಣುವ, ಹೊಟ್ಟೆ ಹಿಡಿದುಕೊಳ್ಳುವ ನಗೆ. ಮೂರು ಬಣ್ಣದ ಪಟ್ಟಿ ಸೂಪಿಗೆ ಬಿದ್ದರೂ ಗೊತ್ತಾಗಲಿಲ್ಲ. ಕಣ್ಣೊರೆಸಿಕೊಂಡು ಕಾಗದ ತೆಗೆದ, ಮಸಿ ಕೇಳಿದ, ಸಹಿ ಹಾಕಿದ. ಷರಾ ಎಂದಿದ್ದ ಜಾಗದಲ್ಲಿ, 'ಈ ಮನೆಯಲ್ಲಿ ವ್ಯಾಕರಣ ಕಟ್ಟುನಿಟ್ಟಾಗಿ ಪಾಲನೆಯಾಗುತ್ತಿದೆ' ಎಂದು ಬರೆದ. ಬಾಗಿಲಲ್ಲಿ ನಿಂತು, "ನಾಗರಿಕೆ, ನಮ್ಮೂರ ಕಡೆ ಬಂದ್ರೆ ನನ್ನ ಹೆಂಡತಿಗೆ ಮಾತ್ರ ಈ ಲೆಕ್ಕ ಕಲಿಸ್ಬೇಡ ಮಾರಾಯ್ತಿ" ಎಂದು ಹೇಳಿ ಕುದುರೆ ಹತ್ತಿದ.

ಬದುಕಿಕೊಂಡೆ, ಎಂದುಕೊಂಡ ತುರ್ಪೋ. ಕಾಗದ ಮೇಜಿನ ಮೇಲಿತ್ತು, ಮಸಿ ಇನ್ನೂ ಒಣಗಿರಲಿಲ್ಲ. ಬಾಗಿಲಿನಿಂದ ಮರಳಿ ಬಂದು ಕುರ್ಚಿಯಲ್ಲಿ ಕುಸಿದು ಕೂತ. ಕೂತವನ ಬಲಗಾಲು ತಾನಾಗಿಯೇ ಮುಂದಕ್ಕೆ ಚಾಚಿಕೊಂಡಿತು. ಮತುರೀನ್ ಬಂದು ಮಂಡಿಯೂರಿದಳು. ಬಿಳಿಯ ಟೋಪಿ ಅವನ ಮೊಣಕಾಲಿನ ಮಟ್ಟದಲ್ಲಿ ಬಗ್ಗಿತು. ಅದನ್ನು ಇಪ್ಪತ್ತೆರಡು ವರ್ಷ ಮೇಲಿನಿಂದ ನೋಡಿದ್ದ. ಅದರ ಹೊಲಿಗೆಯ ನಡುವೆ ಒಂದು ನೀಲಿ ದಾರವಿದೆಯೆಂದು ಗಮನಿಸಿರಲಿಲ್ಲ. ಆಗ ಅವನಿಗೆ ಹೊಳೆಯಿತು. ಅವಳಿಗೆ ತಾನು ಯಾವತ್ತೂ 'ನೀನು' ಎಂದೇ ಅಂದಿದ್ದ. ಮೊದಲ ದಿನದಿಂದ, ಯೋಚನೆಯೇ ಇಲ್ಲದೆ, ಬಾಗಿಲು ಹಾಕಿಕೊಂಡು ಬಾ ಎಂದ ಆ ಜಹಗೀರುದಾರನ ಹಾಗೆ. ಅರವತ್ತು ಪುಟಗಳಲ್ಲಿ ದೊಡ್ಡವರನ್ನು ಕೆಳಗಿಳಿಸುವ ದಾರಿಗಳಿದ್ದವು. ಕೆಳಗೆ ಮಂಡಿಯೂರಿದವರನ್ನು ಎಬ್ಬಿಸುವುದು ಹೇಗೆಂದು ಒಂದು ಸಾಲೂ ಇರಲಿಲ್ಲ. ಅವನಿಗೆ ತುಂಬಾ ನಾಚಿಕೆಯಾಯಿತು, ಕಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡ.

"ಮತುರೀನ್," ಎಂದ, "ನೀವು... ಕೂತ್ಕೊಳ್ಳಿ."

ಮತುರೀನ್ ಮಂಡಿಯೂರಿದಲ್ಲಿಂದಲೇ ತಿರುಗಿ ಬಾಗಿಲ ಕಡೆ ನೋಡಿದಳು. "ಯಾರು ಬಂದ್ರು?"

"ಯಾರೂ ಬಂದಿಲ್ಲ. ನಿಮಗೇ ಹೇಳಿದ್ದು."

ಅವಳು ಎದ್ದು, ಹಿಂಗೈಯನ್ನು ಅವನ ಹಣೆಗಿಟ್ಟು ನೋಡಿದಳು. ಜ್ವರವಿರಲಿಲ್ಲ. ಅವನು ಎದುರಿನ ಕುರ್ಚಿಯನ್ನು, ಕಮಿಷನರ್ ಕೂತಿದ್ದ ಕುರ್ಚಿಯನ್ನು, ಕಾಲಿನಿಂದ ಅವಳ ಕಡೆ ತಳ್ಳಿದ. ಆಮೇಲೆ ತಾನೇ ಬಗ್ಗಿ ಬೂಟು ಎಳೆಯತೊಡಗಿದ. ಅದೊಂದು ವಿದ್ಯೆ, ಅವನಿಗೆ ಬರುತ್ತಿರಲಿಲ್ಲ. ಎಳೆದ, ತಿರುಚಿದ, ಮುಖ ಕೆಂಪಗಾಯಿತು, ಕೊನೆಗೆ ಹಿಮ್ಮಡಿ ಕಿತ್ತು ಕೈಗೆ ಬಂತು. ಬೂಟು ಕಾಲಲ್ಲೇ ಉಳಿಯಿತು. ಸವೆದ ಹಿಮ್ಮಡಿಯನ್ನು ಹಿಡಿದುಕೊಂಡು ಅವನು ಏನು ಮಾಡುವುದೆಂದು ತಿಳಿಯದೆ ಕೂತ. ಮೋಚಿ ಹೇಳಿದ್ದು ಸರಿಯಾಗಿತ್ತು.

ಮತುರೀನ್ ಕುರ್ಚಿಯ ಅಂಚಿನಲ್ಲಿ, ಯಾವ ಗಳಿಗೆಯಲ್ಲಾದರೂ ಏಳುವವಳಂತೆ, ಕೂತಿದ್ದಳು. ಆ ಮೇಜಿನ ಎದುರು ಅವಳು ಹಿಂದೆಂದೂ ಕೂತಿರಲಿಲ್ಲ. ಅವನ ಕೈಯಲ್ಲಿದ್ದ ಹಿಮ್ಮಡಿಯನ್ನು ನೋಡಿದಳು, ಅವನ ಮುಖವನ್ನು ನೋಡಿದಳು, ಒಳಗೆ ಎಷ್ಟು ಜನ ಉಳಿದಿದ್ದಾರೆಂದು ಎಣಿಸುವಂತೆ ನೋಡಿದಳು. ಆಮೇಲೆ ಹಿಮ್ಮಡಿಯನ್ನು ಕಿತ್ತುಕೊಂಡು ಪಕ್ಕಕ್ಕಿಟ್ಟು, ಅವನು ಮುಟ್ಟದೆ ಬಿಟ್ಟಿದ್ದ ಸೂಪಿನ ಬಟ್ಟಲನ್ನು ಅವನ ಕಡೆ ತಳ್ಳಿದಳು.

"ಆರಿಹೋಗತ್ತೆ" ಎಂದಳು. "ಉಣ್ಣು."

ಅವನು ಉಂಡ.